ಹುಟ್ಟದವರ ಲೆಕ್ಕ

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ರಸ್ತೆಯಲ್ಲಿ ಹೊರಟು ಚನ್ನಪಟ್ಟಣ ದಾಟಿದರೆ ದೊಡ್ಡಮಳೂರು ಸಿಗುತ್ತದೆ. ಅಲ್ಲಿನ ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿ ಅಂಬೆಗಾಲು ಕೃಷ್ಣನ ಪುಟ್ಟ ಗುಡಿಯಿದೆ. ಮಕ್ಕಳಾಗದವರು ಬಂದು ಹರಕೆ ಹೊರುತ್ತಾರೆ, ಸಣ್ಣ ತೊಟ್ಟಿಲು ಒಪ್ಪಿಸುತ್ತಾರೆ. ಪಕ್ಕದ ಚನ್ನಪಟ್ಟಣ ಬೊಂಬೆಯ ಊರು. ಅಂಗೈಯಗಲದ ಮರದ ತೊಟ್ಟಿಲಿಗೆ ಬರವೇ? ಒಂದೊಂದು ತೊಟ್ಟಿಲ ಹಿಂದೆಯೂ ಒಂದು ಮನೆ, ಕಾದ ಕೆಲವು ವರ್ಷ, ಮದುವೆಮನೆಗೆ ಹೋದಾಗಲೆಲ್ಲ ನೆಂಟರು ಕೇಳುವ ಅದೇ ಪ್ರಶ್ನೆ: "ಏನೂ ವಿಶೇಷ ಇಲ್ವಾ?"

ಜನನ–ಮರಣ ರಿಜಿಸ್ಟರಿನಲ್ಲಿ ಹುಟ್ಟಿದವರ ಹೆಸರಿದೆ, ಸತ್ತವರ ಹೆಸರಿದೆ. ಹುಟ್ಟಬೇಕಾಗಿದ್ದೂ ಹುಟ್ಟದೆ ಹೋದವರಿಗೆ ರಿಜಿಸ್ಟರಿಲ್ಲ. ಇದ್ದರೆ ಈ ತೊಟ್ಟಿಲುಗಳೇ ಅದು.

ಪ್ಲೇಗು ಬಂದರೆ ಹೆಣ ಎಣಿಸಬಹುದು. ಬರ ಬಂದರೆ ಗುಳೆ ಹೋದವರ ಮನೆಯ ಬೀಗ ಎಣಿಸಬಹುದು. ಬಂಜೆತನ ಬಂದರೆ ಏನನ್ನು ಎಣಿಸುವುದು? ಅದು ಯಾರನ್ನೂ ಕೊಲ್ಲುವುದಿಲ್ಲ, ಆಸ್ಪತ್ರೆಯ ಮುಂದೆ ಸಾಲು ನಿಲ್ಲಿಸುವುದಿಲ್ಲ. ಬಾಗಿಲು ಮುಚ್ಚಿದ ಕೋಣೆಯೊಳಗೆ ಎರಡು ಜೀವಗಳ ಗುಟ್ಟಾಗಿ ಉಳಿದುಬಿಡುತ್ತದೆ. ಇಡೀ ಮನುಕುಲ ಬಂಜೆಯಾಗುತ್ತಿದೆ ಎಂಬ ಭಯವನ್ನು ಒರೆಗೆ ಹಚ್ಚುವುದು ಕಷ್ಟವಾಗಿರುವುದು ಇದರಿಂದಲೇ. ಭಯ ಸುಳ್ಳಿರಬಹುದು, ನಿಜವೂ ಇರಬಹುದು. ಎರಡಕ್ಕೂ ಸಾಕ್ಷಿ ಹೇಳಬೇಕಾದವರು ಹುಟ್ಟಿಯೇ ಇರುವುದಿಲ್ಲ.

1992ರ ಮೂರು ಬರಹ

ಪತ್ತೇದಾರಿ ಕಾದಂಬರಿಗಳಿಗೆ ಹೆಸರಾಗಿದ್ದ ಇಂಗ್ಲೆಂಡಿನ ಲೇಖಕಿ ಪಿ. ಡಿ. ಜೇಮ್ಸ್ 1992ರಲ್ಲಿ ಕೊಲೆಗಾರನಿಲ್ಲದ ಒಂದು ಸಾವಿನ ಕಥೆ ಬರೆದರು. 'ದ ಚಿಲ್ಡ್ರನ್ ಆಫ್ ಮೆನ್' ಎಂಬ ಆ ಕಾದಂಬರಿಯಲ್ಲಿ ಭೂಮಿಯ ಕೊನೆಯ ಮಕ್ಕಳು ಹುಟ್ಟಿದ್ದು 1995ರಲ್ಲಿ. ಕಥೆ ನಡೆಯುವುದು 2021ರಲ್ಲಿ. ಶಾಲೆಗಳು ಮುಚ್ಚಿವೆ. ಹೆಂಗಸರು ಗೊಂಬೆಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ತಿರುಗಾಡುತ್ತಾರೆ, ಬೆಕ್ಕಿನ ಮರಿಗೆ ನಾಮಕರಣ ಮಾಡಿಸುತ್ತಾರೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಒಂದು ಲೇಖನ ಪ್ರಕಟಿಸಿತು. ಡೆನ್ಮಾರ್ಕಿನ ಎಲಿಸಬೆತ್ ಕಾರ್ಲ್‌ಸೆನ್, ನೀಲ್ಸ್ ಸ್ಕಾಕೆಬೆಕ್ ಮತ್ತು ಸಂಗಡಿಗರು ಹಳೆಯ 61 ಅಧ್ಯಯನಗಳನ್ನು ಕಲೆಹಾಕಿ ಲೆಕ್ಕ ತೆಗೆದಿದ್ದರು. ಒಂದು ಮಿಲಿಲೀಟರ್ ವೀರ್ಯದಲ್ಲಿ 1940ರಲ್ಲಿ ಸರಾಸರಿ 11.3 ಕೋಟಿ ವೀರ್ಯಾಣುಗಳಿದ್ದವು, 1990ಕ್ಕೆ 6.6 ಕೋಟಿ. ಅರ್ಧ ಶತಮಾನದಲ್ಲಿ ಹೆಚ್ಚುಕಡಿಮೆ ಅರ್ಧ ಖಾಲಿ. ಕಾದಂಬರಿ ಮತ್ತು ವರದಿ ಒಂದೇ ವರ್ಷ ಕೈಹಿಡಿದುಕೊಂಡು ಬಂದಂತಿತ್ತು.

ಆ ವರ್ಷದ ಮೂರನೆಯ ಬರಹ ಬಂದದ್ದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ಬ್ರಸೆಲ್ಸ್ ನಗರದ ವೈದ್ಯರಿಂದ. ಒಂದೇ ಒಂದು ವೀರ್ಯಾಣುವನ್ನು ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಲ್ಲಿ ಹೀರಿ, ಅಂಡಾಣುವಿನ ಒಳಕ್ಕೇ ಚುಚ್ಚಿಬಿಟ್ಟು ಗರ್ಭ ಕಟ್ಟಿಸಿದ ಸುದ್ದಿ ಅದು. ಇಂದು ಫರ್ಟಿಲಿಟಿ ಕ್ಲಿನಿಕ್ಕುಗಳ ಬೋರ್ಡಿನ ಮೇಲೆ ಕಾಣುವ 'ಇಕ್ಸಿ' ಇದೇ. ಒಂದು ಕಡೆ ಕೋಟಿಗಳು ಕರಗುತ್ತಿವೆ ಎಂಬ ಆತಂಕ, ಇನ್ನೊಂದು ಕಡೆ ಒಂದಿದ್ದರೆ ಸಾಕು ಎಂಬ ಅಭಯ.

ಜೇಮ್ಸ್ ಅವರ ಕಾದಂಬರಿಯಲ್ಲಿ ಬಂಜೆಯಾದವರು ಗಂಡಸರು. 2006ರಲ್ಲಿ ಅಲ್ಫಾನ್ಸೊ ಕ್ವಾರೋನ್ ಅದನ್ನು ಸಿನಿಮಾ ಮಾಡಿದಾಗ ದೋಷ ಹೆಂಗಸರ ಮೇಲೆ ಬಂತು. ನಮಗೆ ಇದೇನೂ ಹೊಸದಲ್ಲ. 'ಬಂಜೆ' ಎಂಬ ಮಾತಿಗೆ ನಮ್ಮ ಆಡುನುಡಿಯಲ್ಲಿ ಪುಲ್ಲಿಂಗವಿಲ್ಲ. ಗಬ್ಬ ನಿಲ್ಲದ ಹಸುವನ್ನು 'ಗೊಡ್ಡು' ಎನ್ನುತ್ತೇವೆ, ಹೋರಿಗೆ ಆ ಮಾತು ಬಳಸಿದವರನ್ನು ನಾನು ಕಂಡಿಲ್ಲ. ಈ ಬರಹದಲ್ಲೂ 'ಗಂಡಸರು ಬಂಜೆಯಾದರು' ಎಂದು ಬರೆಯುವಾಗ ಪೆನ್ನು ಒಂದು ಕ್ಷಣ ತಡೆಯುತ್ತದೆ. ಲೆಕ್ಕ ತಪ್ಪುವುದು ಇಲ್ಲಿಂದಲೇ: ಪದವಿಲ್ಲದ್ದನ್ನು ಯಾರೂ ಎಣಿಸುವುದಿಲ್ಲ.

ನೊಣಗಳ ಪ್ರಳಯ

ಬಂಜೆತನ ಒಂದರಿಂದಲೇ ಒಂದು ಜೀವಿಯ ಸಂತಾನ ಒಂದು ನಾಡಿನಿಂದ ಪೂರಾ ಅಳಿದದ್ದುಂಟೆ? ಉಂಟು. ಅದನ್ನು ಮಾಡಿದವರು ನಾವೇ, ಬೇಕೆಂದೇ.

ದನದ ಗಾಯಕ್ಕೆ ಹುಳ ಬೀಳುವುದು ರೈತರಿಗೆ ಗೊತ್ತಿರುವ ಸಂಗತಿ. ಅಮೆರಿಕ ಖಂಡದಲ್ಲಿ ಈ ಕೆಲಸಕ್ಕೆ ಕುಖ್ಯಾತವಾದ ಒಂದು ನೊಣವಿದೆ, ಹೆಸರು ಸ್ಕ್ರೂವರ್ಮ್. ಬೇರೆ ನೊಣಗಳ ಹುಳಗಳು ಸಾಮಾನ್ಯವಾಗಿ ಕೊಳೆತದ್ದನ್ನು ತಿಂದರೆ, ಇದರವು ಜೀವಂತ ಮಾಂಸವನ್ನು ಸ್ಕ್ರೂ ತಿರುಗಿಸಿದಂತೆ ಕೊರೆಯುತ್ತ ಒಳಹೋಗುತ್ತವೆ. ಹುಟ್ಟಿದ ಕರುವಿನ ಹೊಕ್ಕುಳಲ್ಲಿ ಮೊಟ್ಟೆ ಬಿದ್ದರೆ ಕರು ಉಳಿಯುವುದು ಕಷ್ಟ.

ಎಡ್ವರ್ಡ್ ನಿಪ್ಲಿಂಗ್ ಎಂಬ ಕೀಟತಜ್ಞ ಈ ನೊಣದ ಸಂಸಾರದಲ್ಲಿ ಒಂದು ಬಿರುಕು ಗುರುತಿಸಿದ. ಹೆಣ್ಣು ನೊಣ ಸಾಮಾನ್ಯವಾಗಿ ಬದುಕಿನಲ್ಲಿ ಒಂದೇ ಸಲ ಕೂಡುತ್ತದೆ. ಆ ಒಂದು ಸಲ ಸಿಕ್ಕ ಗಂಡು ನಿಸ್ಸಂತಾನಿಯಾಗಿದ್ದರೆ ಅವಳ ಮೊಟ್ಟೆಗಳೆಲ್ಲ ಜೊಳ್ಳು. ವಿಷ ಸಿಂಪಡಿಸುವ ಬದಲು ಬಂಜೆ ಗಂಡುಗಳನ್ನು ಸಾಕಿ ಬಿಟ್ಟರೆ? ಜೊತೆಗಾರ ರೇಮಂಡ್ ಬುಶ್‌ಲ್ಯಾಂಡ್ ಎಕ್ಸ್‌ರೇ ಹಾಯಿಸಿ ಅಂಥ ಗಂಡುಗಳನ್ನು ತಯಾರಿಸಿ ತೋರಿಸಿದ.

ನಿಪ್ಲಿಂಗ್ ಹಾಕಿದ ಲೆಕ್ಕವನ್ನು ನಾವೂ ಕಾಗದದ ಮೇಲೆ ಹಾಕಿ ನೋಡಬಹುದು. ಕಾಡಿನಲ್ಲಿ 10 ಲಕ್ಷ ಹೆಣ್ಣು, 10 ಲಕ್ಷ ಗಂಡು ನೊಣಗಳಿವೆ ಎನ್ನಿ. ತಲೆಮಾರಿಗೊಮ್ಮೆ 20 ಲಕ್ಷ ಬಂಜೆ ಗಂಡುಗಳನ್ನು ಬಿಡೋಣ. ಮೊದಲ ಸಲ ಮೂರರಲ್ಲಿ ಒಂದು ಹೆಣ್ಣಿಗೆ ಮಾತ್ರ ಫಲವುಳ್ಳ ಗಂಡು ಸಿಗುತ್ತದೆ. ಮುಂದಿನ ತಲೆಮಾರು 3,33,333ಕ್ಕೆ ಇಳಿಯುತ್ತದೆ. ಮತ್ತೆ ಅದೇ 20 ಲಕ್ಷ ಬಿಟ್ಟರೆ ಈಗ ಏಳರಲ್ಲಿ ಒಂದಕ್ಕೆ ಮಾತ್ರ, ಉಳಿಯುವುದು 47,619. ಮೂರನೆಯ ಸಲಕ್ಕೆ 1,107. ನಾಲ್ಕನೆಯ ಸಲಕ್ಕೆ ಒಂದೂ ಇಲ್ಲ.

ವಿಷವಾದರೆ ನೊಣ ಕಡಿಮೆಯಾದಂತೆ ಹುಡುಕಿ ಕೊಲ್ಲುವುದು ಕಷ್ಟವಾಗುತ್ತ ಹೋಗುತ್ತದೆ. ಇಲ್ಲಿ ಎಲ್ಲ ಉಲ್ಟಾ, ಕಡಿಮೆಯಾದಂತೆ ಏಟು ಬಲವಾಗುತ್ತದೆ. 1954ರಲ್ಲಿ ಕೆರಿಬಿಯನ್ ಕಡಲಿನ ಕ್ಯುರಸಾವ್ ದ್ವೀಪದಲ್ಲಿ ಪ್ರಯೋಗ ನಡೆಸಿದಾಗ ಕೆಲವೇ ತಿಂಗಳಲ್ಲಿ ನೊಣ ನಿರ್ನಾಮವಾಯಿತು. 1958ರಲ್ಲಿ ಫ್ಲೋರಿಡಾದ ಸೀಬ್ರಿಂಗ್‌ನಲ್ಲಿ ಕಾರ್ಖಾನೆಯೇ ಶುರುವಾಯಿತು. ಮಾಂಸ, ರಕ್ತ ಬೆರೆಸಿದ ಮುದ್ದೆಯ ಮೇಲೆ ಹುಳ ಸಾಕಿ, ಕೋಶಾವಸ್ಥೆಯಲ್ಲಿ ಗಾಮಾ ಕಿರಣ ಹಾಯಿಸಿ, ವಾರಕ್ಕೆ 5 ಕೋಟಿ ನೊಣಗಳನ್ನು ವಿಮಾನದಿಂದ ಸುರಿದರು. 1966ರಲ್ಲಿ ಅಮೆರಿಕ, 1991ರಲ್ಲಿ ಮೆಕ್ಸಿಕೊ, ಆಮೇಲೆ ಪನಾಮಾದವರೆಗೂ ನೊಣಮುಕ್ತವಾದವು. ಮುಂದೆ ಆ ಗಡಿ ಸಡಿಲಾಯಿತು. 2023ರಲ್ಲಿ ಪನಾಮಾದಲ್ಲಿ ನೊಣ ಮತ್ತೆ ತಲೆಯೆತ್ತಿ, 2024ರ ನವೆಂಬರಿನಲ್ಲಿ ಮೆಕ್ಸಿಕೊಗೆ ಮರಳಿತು.

ಜೇಮ್ಸ್ ಕಲ್ಪಿಸಿದ ಪ್ರಳಯ ನೊಣಗಳಿಗೆ ನಿಜವಾಗಿ ಬಂದಿತ್ತು. ಅದನ್ನು ತರಿಸಲು ಬೇಕಾದದ್ದೇನು ನೋಡಿ: ಒಂದೇ ಸಲ ಕೂಡುವ ಹೆಣ್ಣು, ವಾರ ತಪ್ಪದೆ ಕೋಟಿಗಟ್ಟಲೆ ಬಂಜೆ ಗಂಡುಗಳ ಸುರಿಮಳೆ, ದಶಕಗಳ ಹಟ. ಕೈ ಸ್ವಲ್ಪ ಸಡಿಲಿಸಿದರೆ ನೊಣ ವಾಪಸು.

ಮನುಷ್ಯರಲ್ಲಿ ಈ ಯಂತ್ರ ಓಡುವುದಿಲ್ಲ. ಬಂಜೆತನ ಅಂಟುರೋಗವಲ್ಲ, ಒಬ್ಬರಿಗೆ ಮಕ್ಕಳಾಗದಿದ್ದರೆ ಪಕ್ಕದ ಮನೆಯವರ ಅವಕಾಶ ಕಡಿಮೆಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಆರರಲ್ಲಿ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಬಂಜೆತನ ಅನುಭವಿಸುತ್ತಾರೆ. ಅದು ದೊಡ್ಡ ಸಂಖ್ಯೆಯೇ. ಆದರೆ ಅವರಲ್ಲಿ ಅನೇಕರಿಗೆ ತಡವಾಗಿಯಾದರೂ ಮಕ್ಕಳಾಗುತ್ತವೆ, ಉಳಿದ ಐವರ ದಾರಿಗೆ ಅಡ್ಡಿಯಿಲ್ಲ. ನಿಪ್ಲಿಂಗನ ಲೆಕ್ಕದಲ್ಲಿ ಪ್ರತಿ ತಲೆಮಾರಿಗೂ ಅನುಪಾತ ಬಿಗಡಾಯಿಸುತ್ತದೆ, ನಮ್ಮಲ್ಲಿ ಹಾಗೆ ಬಿಗಡಾಯಿಸುವ ಚಕ್ರವೇ ಇಲ್ಲ.

ಗಾಜಿನ ಮೇಲಿನ ಚೌಕಗಳು

ಹಾಗಿದ್ದರೆ ಡೆನ್ಮಾರ್ಕಿನವರ ಲೆಕ್ಕ? ಅದು ಹಳತಾಗಲಿಲ್ಲ, ಬಲವಾಯಿತು. ಇಸ್ರೇಲಿನ ಹಗಾಯ್ ಲೆವೀನ್, ಅಮೆರಿಕದ ಶಾನಾ ಸ್ವಾನ್ ಮತ್ತಿತರರು 2017ರಲ್ಲೂ 2022ರಲ್ಲೂ ಇನ್ನಷ್ಟು ಅಧ್ಯಯನಗಳನ್ನು ಗುಡ್ಡೆ ಹಾಕಿ ಸೋಸಿದರು. ಎರಡನೆಯದರಲ್ಲಿ 53 ದೇಶಗಳ ಮಾಹಿತಿ ಇತ್ತು. 1973ರಿಂದ 2018ರೊಳಗೆ ಮಿಲಿಲೀಟರಿಗೆ 10.1 ಕೋಟಿಯಿಂದ 4.9 ಕೋಟಿಗೆ ಇಳಿದಿದೆ, 2000ದ ನಂತರ ಇಳಿಕೆಯ ವೇಗ ಹೆಚ್ಚಿದೆ ಎಂದರು.

ಈ ಕೋಟಿಗಳನ್ನು ಎಣಿಸುವ ಬಗೆ ಹೇಗೆ? ಲ್ಯಾಬಿನಲ್ಲಿ ಒಂದು ದಪ್ಪ ಗಾಜಿನ ಪಟ್ಟಿಯಿದೆ. ಅದರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಚೌಕಗಳನ್ನು ಕೊರೆದಿದ್ದಾರೆ. ಮೇಲೆ ಮುಚ್ಚುಗಾಜು ಇಟ್ಟರೆ ಒಳಗೆ ಉಳಿಯುವ ಸಂದಿ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಮಾದರಿ ಅರ್ಧ ಗಂಟೆಯಲ್ಲಿ ನೀರಾಗುವವರೆಗೆ ಕಾದು, ತೆಳುಮಾಡಿ, ಆ ಸಂದಿಗೆ ಇಳಿಬಿಟ್ಟು, ಸೂಕ್ಷ್ಮದರ್ಶಕದಲ್ಲಿ ಚೌಕ ಚೌಕವಾಗಿ ಎಣಿಸಬೇಕು. ಗೆರೆಯ ಮೇಲೆಯೇ ಬಿದ್ದವನ್ನು? ಎರಡು ಬದಿಯ ಗೆರೆಯವು ಲೆಕ್ಕಕ್ಕೆ, ಉಳಿದೆರಡು ಬದಿಯವು ಲೆಕ್ಕಕ್ಕಿಲ್ಲ. ಕುಂಟೆಬಿಲ್ಲೆ ಆಟದ ಹಾಗೆ ಇದಕ್ಕೂ ನಿಯಮ. ಎಣಿಸುವವರಿಗೆ ಕಣ್ಣು ದಣಿದರೆ, ತೆಳುಮಾಡುವಾಗ ಹನಿ ಹೆಚ್ಚುಕಡಿಮೆಯಾದರೆ, ಮಾದರಿ ಕೊಟ್ಟವನು ಎರಡು ದಿನ ಸಂಯಮದಲ್ಲಿದ್ದನೋ ಏಳು ದಿನವೋ ಎಂಬುದರ ಮೇಲೆ ಕೋಟಿಗಳೇ ಏರುಪೇರು. ಒಬ್ಬನೇ ಮನುಷ್ಯನ ಈ ತಿಂಗಳ ಅಂಕಿಯೂ ಬರುವ ತಿಂಗಳ ಅಂಕಿಯೂ ಒಂದೇ ಆಗಿರುವುದಿಲ್ಲ.

ಟೀಕಾಕಾರರು ಹಿಡಿದ ತಕರಾರು ಇದೇ. ಹಳೆಯ ಅಧ್ಯಯನಗಳು ಬಹುಪಾಲು ಅಮೆರಿಕದವು. ಅಲ್ಲಿಯೇ ನ್ಯೂಯಾರ್ಕಿನವರಲ್ಲಿ ಸಂಖ್ಯೆ ಹೆಚ್ಚು, ಲಾಸ್ ಏಂಜಲೀಸಿನವರಲ್ಲಿ ಕಡಿಮೆ. ಯಾವ ಊರಿನವರನ್ನು ಯಾವ ಕಾಲದಲ್ಲಿ ಎಣಿಸಿದಿರಿ ಎಂಬುದರಿಂದಲೇ ಇಳಿಜಾರು ಹುಟ್ಟಬಹುದಲ್ಲ? ಲೆವೀನ್ ತಂಡ ಇಂಥ ವ್ಯತ್ಯಾಸಗಳಿಗೆ ಸಾಧ್ಯವಾದಷ್ಟು ವಜಾ ಹಾಕಿಯೂ ಇಳಿಕೆ ಉಳಿಯಿತು. ವಾದ ಮುಗಿದಿಲ್ಲ. ಇಳಿಕೆ ಆಗಿದೆ ಎನ್ನುವ ತಕ್ಕಡಿ ಹೆಚ್ಚು ತೂಗುತ್ತಿದೆ ಎಂದಷ್ಟೇ ಹೇಳಬಹುದು.

ಆದರೆ ಇಳಿಕೆ ಬೇರೆ, ಬಂಜೆತನ ಬೇರೆ. 1998ರಲ್ಲಿ ಡೆನ್ಮಾರ್ಕಿನಲ್ಲೇ ಹೊಸದಾಗಿ ಮಗು ಬಯಸುತ್ತಿದ್ದ 430 ದಂಪತಿಗಳನ್ನು ಗಮನಿಸಿದಾಗ ಕಂಡದ್ದು ಇಷ್ಟು: ಸುಮಾರು 4 ಕೋಟಿಯವರೆಗೆ ಸಂಖ್ಯೆ ಹೆಚ್ಚಿದಂತೆ ಗರ್ಭ ನಿಲ್ಲುವ ಸಂಭವವೂ ಹೆಚ್ಚುತ್ತದೆ, ಅದರಾಚೆಗೆ ಎಷ್ಟಿದ್ದರೂ ಲಾಭವಿಲ್ಲ. ಕೆರೆಯಲ್ಲಿ ಹತ್ತು ಆಳು ನೀರಿದ್ದರೇನು, ಐದು ಆಳಿದ್ದರೇನು, ತೂಬಿನ ಮಟ್ಟಕ್ಕಿಂತ ಮೇಲಿದ್ದರೆ ಗದ್ದೆಗೆ ನೀರು ಹರಿಯುತ್ತದೆ. ಚಿಂತೆಯ ವಿಷಯವೆಂದರೆ ಸರಾಸರಿ ಈಗ ತೂಬಿನ ಹತ್ತಿರ ಬಂದಿದೆ. ಸರಾಸರಿ ತೂಬಿನ ಮಟ್ಟದಲ್ಲಿದೆ ಎಂದರೆ ಅನೇಕರು ಆಗಲೇ ಕೆಳಗಿದ್ದಾರೆ.

ಇದೇ ಗೆರೆಯನ್ನು ಮುಂದಕ್ಕೆಳೆದು 2045ಕ್ಕೆ ಸೊನ್ನೆ ಮುಟ್ಟುತ್ತದೆ ಎಂದವರೂ ಇದ್ದಾರೆ. ಹತ್ತು ವರ್ಷಕ್ಕೆ ನಾಲ್ಕೂವರೆ ಅಡಿ ಬೆಳೆದ ಹುಡುಗ ಮೂವತ್ತಕ್ಕೆ ಹದಿಮೂರೂವರೆ ಅಡಿಯಾಗುತ್ತಾನೆ ಎಂದಂತೆ ಇದು. ಸ್ಕೇಲಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲ, ಜೀವಕ್ಕೆ ಗೊತ್ತು.

ಈ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದರ ವಿಳಂಬ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಆದರೆ ಅದನ್ನು ತಯಾರಿಸುವ ಕಾರ್ಖಾನೆಯ ಅಡಿಪಾಯ ಬೀಳುವುದು ಗಂಡುಮಗು ತಾಯಿಯ ಹೊಟ್ಟೆಯಲ್ಲಿರುವಾಗ. ವೀರ್ಯಾಣುಗಳನ್ನು ಸಾಕುವ ಸೆರ್ಟೋಲಿ ಕೋಶಗಳು ಆಗ ಹಾರ್ಮೋನುಗಳ ಏರಿಳಿತಕ್ಕೆ ಸಿಕ್ಕಿ ಕಡಿಮೆಯಾದರೆ, ಇಪ್ಪತ್ತೈದು ವರ್ಷದ ಮೇಲೆ ಅವನ ಲ್ಯಾಬ್ ರಿಪೋರ್ಟಿನಲ್ಲಿ ಅದು ಕಾಣುತ್ತದೆ. ಇಂದು ಎಣಿಸುತ್ತಿರುವುದು ಇಂದಿನದಲ್ಲ, ಒಂದು ತಲೆಮಾರಿನ ಹಿಂದಿನದು ಎಂಬುದೇ ಸ್ಕಾಕೆಬೆಕ್ ಅವರ ವಾದದ ತಿರುಳು. ಹೆಣ್ಣಿನ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಣುಗಳ ಗಂಟು, ಹತ್ತಿಪ್ಪತ್ತು ಲಕ್ಷದಷ್ಟು, ಜೊತೆಯಲ್ಲಿರುತ್ತದೆ. ನೀವು ಮೂಡಿದ ಅಂಡಾಣು ನಿಮ್ಮ ಅಜ್ಜಿ ಬಸುರಿಯಾಗಿದ್ದಾಗಲೇ, ಅವರ ಹೊಟ್ಟೆಯೊಳಗಿನ ನಿಮ್ಮ ತಾಯಿಯೊಳಗೆ ಸಿದ್ಧವಾಗಿತ್ತು. ಅಜ್ಜಿ ಉಂಡದ್ದು, ಉಸಿರಾಡಿದ್ದು ನಿಮ್ಮನ್ನೂ ಮುಟ್ಟಿರಬಹುದು.

ಕಾರ್ಖಾನೆ, ಗೇರುಗುಡ್ಡ

ಜಗತ್ತಿನ ಸರಾಸರಿಯನ್ನು ಬದಿಗಿಟ್ಟು ಒಂದು ಊರಿಗೆ ಇಳಿದರೆ ಚಿತ್ರ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದ ಲ್ಯಾಥ್ರಾಪ್‌ನಲ್ಲಿ 1977ರಲ್ಲಿ ಒಂದು ಕೀಟನಾಶಕ ಕಾರ್ಖಾನೆಯ ಕಾರ್ಮಿಕರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಾಗ ಒಂದು ವಿಷಯ ಹೊರಬಿತ್ತು. ಹಲವರಿಗೆ ಮಕ್ಕಳಾಗುತ್ತಿರಲಿಲ್ಲ. ಒಬ್ಬೊಬ್ಬರೂ ಅದನ್ನು ತಮ್ಮ ಮನೆಯ ದುರದೃಷ್ಟವೆಂದು ನುಂಗಿಕೊಂಡಿದ್ದರು. ಪಟ್ಟುಹಿಡಿದು ಪರೀಕ್ಷೆ ಮಾಡಿಸಿಕೊಂಡಾಗ ಕೆಲವರಲ್ಲಿ ವೀರ್ಯಾಣು ಒಂದೂ ಇರಲಿಲ್ಲ. ಹೆಚ್ಚು ವರ್ಷ ಕೆಲಸ ಮಾಡಿದವರಲ್ಲಿ ಹಾನಿ ಹೆಚ್ಚು. ಕಾರಣ, ಬೇರುಗಳನ್ನು ಕಾಡುವ ಜಂತುಹುಳಕ್ಕೆ ಹಾಕುವ ಡಿಬಿಸಿಪಿ ಎಂಬ ರಾಸಾಯನಿಕ. ಇಲಿಗಳ ವೃಷಣವನ್ನು ಅದು ಕುಗ್ಗಿಸುತ್ತದೆ ಎಂಬುದು 1961ರಲ್ಲೇ ಅಚ್ಚಾಗಿತ್ತು. ಹದಿನಾರು ವರ್ಷ ಆ ಕಾಗದ ಕಪಾಟಿನಲ್ಲಿತ್ತು, ಡಿಬಿಸಿಪಿ ಹೊಲದಲ್ಲಿತ್ತು. ಅಮೆರಿಕದ ಮುಖ್ಯ ನೆಲದಲ್ಲಿ 1979ರಲ್ಲಿ ಅದರ ಬಳಕೆ ನಿಂತಿತು. ಅಷ್ಟರೊಳಗೆ ಮಧ್ಯ ಅಮೆರಿಕದ ಬಾಳೆ ತೋಟಗಳ ಕೂಲಿಗಳನ್ನೂ ಅದು ಮುಟ್ಟಿತ್ತು.

ಇಂಥ ಕಥೆಗೆ ನಾವು ಅಷ್ಟು ದೂರ ಹೋಗಬೇಕಿಲ್ಲ. ಕಾಸರಗೋಡಿನ ಪಡ್ರೆ ಕನ್ನಡವೂ ತುಳುವೂ ಕೇಳಿಬರುವ ಹಳ್ಳಿ. ಅದರ ಸುತ್ತಿನ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗುಡ್ಡದ ಮೇಲೆ ಬಿದ್ದದ್ದು ನೀರಿಗೆಂದು ಗುಡ್ಡ ಕೊರೆದ ಸುರಂಗಗಳಲ್ಲಿ, ತೊರೆಗಳಲ್ಲಿ ಕೆಳಗಿಳಿಯಿತು. ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಅಂಗವಿಕಲ ಕರುಗಳ ಬಗ್ಗೆ ಬರೆದು ಎಚ್ಚರಿಸಿದ್ದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿನ 117 ಹುಡುಗರನ್ನೂ ಬೇರೆ ಹಳ್ಳಿಯ 90 ಹುಡುಗರನ್ನೂ ಹೋಲಿಸಿ 2003ರಲ್ಲಿ ವರದಿ ಪ್ರಕಟಿಸಿದರು: ಎಂಡೋಸಲ್ಫಾನ್ ಉಂಡ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ, ಹಾರ್ಮೋನುಗಳಲ್ಲಿ ಏರುಪೇರಿದೆ. ಸಣ್ಣ ಅಧ್ಯಯನವೆಂಬ ಆಕ್ಷೇಪ ಬಂತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಕಡೆಯ ಮನೆಗಳಲ್ಲೂ ಇದೇ ಗೇರು, ಇದೇ ಸಿಂಪಡಣೆಯ ನೆನಪು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನಿಗೆ ತಡೆ ಹಾಕಿತು.

ಕಾದಂಬರಿಯ ಬಂಜೆತನ ಸಮಾಜವಾದಿ: ರಾಜನಿಗೂ ಕೂಲಿಗೂ ಒಂದೇ ದಿನ ಬರುತ್ತದೆ. ನಿಜವಾದದ್ದು ಹಾಗಲ್ಲ. ಡ್ರಮ್ಮು ಉರುಳಿಸುವವನಿಗೆ ಮೊದಲು, ಗುಡ್ಡದ ಬುಡದಲ್ಲಿ ನೀರು ಕುಡಿಯುವವರಿಗೆ ಆಮೇಲೆ. ಸರಾಸರಿಯ ಗೆರೆ ಸ್ವಲ್ಪವೂ ಅಲುಗದೆ ಒಂದು ಕೇರಿಯ ತೊಟ್ಟಿಲೆಲ್ಲ ಖಾಲಿಯಾಗಬಹುದು.

ಬೇಡವೆಂದವರು, ಆಗದವರು

ಈಗ ಪತ್ರಿಕೆಗಳಲ್ಲಿ ಬರುವ 'ಜನಸಂಖ್ಯಾ ಕುಸಿತ'ದ ಸುದ್ದಿಯನ್ನು ಇದರೊಂದಿಗೆ ಬೆರೆಸಬಾರದು. ಜನಸಂಖ್ಯೆ ಸಮನಾಗಿ ಉಳಿಯಲು ಒಬ್ಬ ಹೆಣ್ಣಿಗೆ ಸರಾಸರಿ 2.1 ಮಕ್ಕಳು ಬೇಕು. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಇದು 0.72 ಆಗಿತ್ತು. ಕರ್ನಾಟಕದಲ್ಲಿ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 1.7. ಇದಕ್ಕೆ ಮುಖ್ಯ ಕಾರಣ ಸೋತ ದೇಹವಲ್ಲ. ಓದು, ಕೆಲಸ, ಮನೆ ಬಾಡಿಗೆ, ಶಾಲೆಯ ಫೀಸು ಎಲ್ಲ ಲೆಕ್ಕ ಹಾಕಿ ದಂಪತಿ ತೆಗೆದುಕೊಂಡ ತೀರ್ಮಾನ.

ಇವೆರಡನ್ನೂ ಸರ್ಕಾರ ಒಂದೇ ಮಾಡಿದಾಗ ಏನಾಗುತ್ತದೆಂದು ರೊಮೇನಿಯಾ ತೋರಿಸಿದೆ. 1966ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಹೊರಡಿಸಿದ 770ನೆಯ ಆಜ್ಞೆ ಗರ್ಭಪಾತವನ್ನು ಹೆಚ್ಚುಕಡಿಮೆ ಪೂರಾ ನಿಷೇಧಿಸಿತು. ಕಾರ್ಖಾನೆಯ ಹೆಂಗಸರಿಗೆ ಬಸಿರಿನ ತಪಾಸಣೆ ನಡೆಯಿತು. ಮರುವರ್ಷ ಹೆರಿಗೆ ಸುಮಾರು ಇಮ್ಮಡಿಯಾಯಿತು, ನಂತರ ಮತ್ತೆ ಇಳಿಯಿತು. ಇಳಿಯದೆ ಉಳಿದದ್ದು ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡು ಸತ್ತ ತಾಯಂದಿರ ಸಂಖ್ಯೆ ಮತ್ತು ತುಂಬಿದ ಅನಾಥಾಲಯಗಳು. 1989ರ ಡಿಸೆಂಬರಿನಲ್ಲಿ ಅವನು ಬಿದ್ದ ಕೂಡಲೇ ಹೊಸ ಸರ್ಕಾರ ಮೊದಲು ಅಳಿಸಿದ ಕಾನೂನುಗಳಲ್ಲಿ ಇದೂ ಒಂದು. ಹುಟ್ಟದ ಮಕ್ಕಳ ಭಯ ಹುಟ್ಟಿದವರ ಬದುಕನ್ನು ಕಿತ್ತುಕೊಂಡ ನಿಜವಾದ ದುಃಸ್ವಪ್ನ ಅದು.

ಮನುಕುಲ ಬಂಜೆತನದಿಂದ ಅಳಿಯುವುದಿಲ್ಲ. ಅಳಿಯಬೇಕಾದರೆ ಆಕಾಶದಿಂದ ಯಾರೋ ವಾರವಾರವೂ ಬಂಜೆಗಂಡುಗಳನ್ನು ಸುರಿಯುತ್ತಿರಬೇಕು. ಆದರೆ ಜೇಮ್ಸ್ ಬರೆದ ಕೊನೆಯ ವರ್ಷ ಒಂದೊಂದು ಮನೆಗೆ ಬೇರೆಬೇರೆ ಬಂದುಹೋಗುತ್ತಲೇ ಇದೆ, ಲೆಕ್ಕಕ್ಕೆ ಸಿಗದೆ. ಲ್ಯಾಥ್ರಾಪ್‌ನಲ್ಲಿ ಅದು ಲೆಕ್ಕಕ್ಕೆ ಸಿಕ್ಕಿದ್ದು ಗಂಡಸರು ನಾಚಿಕೆ ಬಿಟ್ಟು ಒಬ್ಬರಿಗೊಬ್ಬರು ಹೇಳಿಕೊಂಡದ್ದರಿಂದ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಅದನ್ನು ತಿಳಿಯಲು ಮೊದಲು ಬೇಕಾದದ್ದು ಆ ಗಾಜಿನ ಪಟ್ಟಿ, ಅರ್ಧ ಗಂಟೆಯ ಕಾಯುವಿಕೆ, ಚೌಕ ಎಣಿಸುವ ಎರಡು ಕಣ್ಣು. ಹೆಂಗಸಿನ ಸ್ಕ್ಯಾನು, ನಳಿಕೆ ಪರೀಕ್ಷೆ, ಇಂಜೆಕ್ಷನ್ನುಗಳ ಮುಂದೆ ಇದು ಏನೂ ಅಲ್ಲ. ದೋಷ ಅವನದೇ ಆದರೂ ಇಕ್ಸಿಗೆಂದು ಹಾರ್ಮೋನು ಚುಚ್ಚಿಸಿಕೊಂಡು ಮಲಗಬೇಕಾದವಳು ಅವಳೇ. ದೊಡ್ಡಮಳೂರಿನಲ್ಲಿ ತೊಟ್ಟಿಲು ಹಿಡಿದು ನಿಂತವರನ್ನು ನೋಡಿ: ಗಂಡ ಹೆಂಡತಿ ಇಬ್ಬರೂ ಬಂದಿರುತ್ತಾರೆ. ಲ್ಯಾಬಿನ ಬೆಂಚಿನ ಮೇಲೆ ಮಾತ್ರ ಎಷ್ಟೋ ಸಲ ಅವಳೊಬ್ಬಳೇ ಕೂತಿರುತ್ತಾಳೆ, ಫೈಲು ಮಡಿಲಲ್ಲಿಟ್ಟುಕೊಂಡು.